ಮಿತ ಖರ್ಚಿನಲ್ಲಿ ಸ್ವಂತಕ್ಕೊಂದು ರೈಫಲ್ ಕಟ್ಟಿಸುವುದು: ಯಾವ ದಾರಿ ಯಾರಿಗೆ?

ತಮ್ಮ ಮೈಕಟ್ಟಿಗೂ ತಮ್ಮ ಕೆಲಸಕ್ಕೂ ಒಪ್ಪುವ ರೈಫಲ್ ಒಂದನ್ನು ಕಟ್ಟಿಸಿಕೊಳ್ಳಬೇಕು, ಆದರೆ ಕೈಯಲ್ಲಿರುವ ಹಣಕ್ಕೆ ಮಿತಿಯಿದೆ ಎನ್ನುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಬಗೆಯದು. ಕಾರ್ಖಾನೆಯಿಂದ ಬಂದ ರೈಫಲನ್ನೇ ಕೊಂಡು ತಿದ್ದಿಕೊಳ್ಳುವುದೋ, ಹಳೆಯದೊಂದನ್ನು ತಂದು ಹೊಸ ನಳಿಗೆ ಹಾಕಿಸುವುದೋ, ಅಥವಾ ಆಕ್ಷನ್ (ತೋಟಾ ತುಂಬಿ ಹೊಡೆಯುವ ಯಂತ್ರಭಾಗ), ನಳಿಗೆ, ಸ್ಟಾಕ್ (ಭುಜಕ್ಕೂ ಕೈಗೂ ಆನಿಸುವ ಹಿಡಿ) ಎಲ್ಲವನ್ನೂ ಬಿಡಿಯಾಗಿ ಆರಿಸಿ ಜೋಡಿಸುವುದೋ? ಈ ಎಲ್ಲ ದಾರಿಗಳಲ್ಲೂ ಒಳ್ಳೆಯ ರೈಫಲ್‌ಗಳು ಹುಟ್ಟಿವೆ, ಎಲ್ಲದರಲ್ಲೂ ಹಣ ಪೋಲಾಗಿದೆ. ಆದ್ದರಿಂದ ದಾರಿಗಳನ್ನು ತೂಗುವ ಮೊದಲು ತೂಗುವ ಕಲ್ಲುಗಳು ಯಾವುವೆಂದು ಗೊತ್ತುಮಾಡಿಕೊಳ್ಳುವುದು ಲೇಸು.

ಅದಕ್ಕೂ ಮುಂಚಿನ ಮಾತೊಂದಿದೆ. ಬಂದೂಕು ಹೊಂದುವ, ಅದರ ಭಾಗಗಳನ್ನು ಬದಲಿಸುವ, ಬೇಟೆಯಾಡುವ ನಿಯಮಗಳು ದೇಶದಿಂದ ದೇಶಕ್ಕೆ ತೀರಾ ಬೇರೆ. ಕೆಲವೆಡೆ ಆಕ್ಷನ್‌ಗೆ ಮಾತ್ರ ಪರವಾನಗಿ ಬೇಕು, ಕೆಲವೆಡೆ ಬಿಡಿ ನಳಿಗೆಗೂ ಬೇಕು, ಕೆಲವೆಡೆ ಬೇಟೆಯೇ ನಿಷಿದ್ಧ. ನೀವಿರುವ ಕಡೆ ಯಾವ ಬದಲಾವಣೆಯನ್ನು ಯಾರು ಮಾಡಬಹುದು ಎಂಬುದನ್ನು ಪರವಾನಗಿ ಕೊಡುವ ಅಧಿಕಾರಿಗಳಿಂದಲೇ ತಿಳಿದುಕೊಂಡ ನಂತರವೇ ಮುಂದಿನ ಲೆಕ್ಕಾಚಾರಕ್ಕೆ ಕೈಹಾಕಬೇಕು.

ತೂಗುವ ಕಲ್ಲುಗಳು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಈ ರೈಫಲ್ ಹೊರುವುದಕ್ಕೋ ಊರುವುದಕ್ಕೋ ಎಂಬುದನ್ನು. ಬೇಟೆಗಾರ ಇಡೀ ದಿನ ಹೊತ್ತು ತಿರುಗಿ, ತಣ್ಣಗಿರುವ ನಳಿಗೆಯಿಂದ ಒಂದೇ ಒಂದು ಗುಂಡು ಹಾರಿಸುತ್ತಾನೆ, ಹೆಚ್ಚೆಂದರೆ ಎರಡು. ಸ್ಕೋಪ್ (ಗುರಿ ನೋಡುವ ದೂರದರ್ಶಕ) ಸೇರಿ ಮೂರೂವರೆ, ನಾಲ್ಕು ಕಿಲೋ ದಾಟಿದ ರೈಫಲ್ ಗುಡ್ಡ ಹತ್ತುವಾಗ ಭುಜಕ್ಕೆ ಹೊರೆಯಾಗುತ್ತದೆ. ಗುರಿಗಾರ ಮರಳಿನ ಚೀಲದ ಮೇಲೋ ಬೈಪಾಡ್‌ನ (ಎರಡು ಕಾಲಿನ ಊರುಗೋಲಿನ) ಮೇಲೋ ಊರಿಕೊಂಡು, ನಳಿಗೆ ಬಿಸಿಯಾಗುತ್ತಿದ್ದಂತೆಯೇ ಹತ್ತಾರು ಗುಂಡುಗಳನ್ನು ಒಂದೇ ಕಡೆಗೆ ಕಳಿಸಬೇಕು. ಅವನಿಗೆ ಐದಾರು ಕಿಲೋ ತೂಕವೇ ಅನುಕೂಲ, ಏಕೆಂದರೆ ತೂಕ ಹೆಚ್ಚಿದಷ್ಟೂ ರೈಫಲ್ ಒದೆಯುವುದು ಕಡಿಮೆ, ದಪ್ಪ ನಳಿಗೆ ಬಿಸಿಗೆ ವಾಲುವುದೂ ಕಡಿಮೆ. ಒಂದೇ ರೈಫಲ್‌ನಿಂದ ಎರಡೂ ಕೆಲಸ ಆಗಲಿ ಎಂದು ಮಧ್ಯಮ ದಪ್ಪದ ನಳಿಗೆ ಆರಿಸಿದವರು ಬಹಳಷ್ಟು ಬಾರಿ ಎರಡು ವರ್ಷದೊಳಗೆ ಇನ್ನೊಂದನ್ನು ಕೊಂಡಿದ್ದನ್ನು ಕಂಡಿದ್ದೇನೆ. ಹಣ ಕಡಿಮೆ ಇರುವವರು ಈ ಆಸೆಯನ್ನು ಮೊದಲು ಬಿಡಬೇಕು.

ಎರಡನೆಯದು, ಎಷ್ಟು ನಿಖರತೆ ಬೇಕು ಎಂಬುದು. ಗುರಿಯ ಲೆಕ್ಕದಲ್ಲಿ ಒಂದು ಮಿನಿಟ್ (ಕೋನದ ಒಂದು ಡಿಗ್ರಿಯಲ್ಲಿ ಅರವತ್ತನೆಯ ಒಂದು ಪಾಲು) ಎಂದರೆ ನೂರು ಮೀಟರ್‌ನಲ್ಲಿ ಸುಮಾರು 29 ಮಿಲಿಮೀಟರ್. ಒಂದೂವರೆ ಮಿನಿಟ್‌ನ ರೈಫಲ್ ಇನ್ನೂರು ಮೀಟರ್‌ನಲ್ಲಿ ಒಂಬತ್ತು ಸೆಂಟಿಮೀಟರಿನೊಳಗೆ ಗುಂಡು ಕೂರಿಸುತ್ತದೆ. ಜಿಂಕೆಯಷ್ಟು ದೊಡ್ಡ ಪ್ರಾಣಿಯ ಎದೆಗೂಡಿಗೆ ಅದು ಧಾರಾಳವಾಗಿ ಸಾಕು, ಇಂದಿನ ಅಗ್ಗದ ಕಾರ್ಖಾನೆ ರೈಫಲ್‌ಗಳಲ್ಲೂ ಅದು ಸಿಗುತ್ತದೆ. ಗುರಿಹಲಗೆಯ ಕಥೆ ಬೇರೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯ ಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್. ಅಂಥ ಕಡೆ ಅರ್ಧ ಮಿನಿಟ್‌ಗೂ ಬೆಲೆ ಕಟ್ಟಬೇಕಾಗುತ್ತದೆ, ಮತ್ತು ಒಂದರಿಂದ ಅರ್ಧಕ್ಕೆ ಇಳಿಯುವ ಖರ್ಚು ಎರಡರಿಂದ ಒಂದಕ್ಕೆ ಇಳಿದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮೂರನೆಯದು ಜನ ಹೆಚ್ಚಾಗಿ ಮರೆಯುವ ಲೆಕ್ಕ. ರೈಫಲ್‌ನ ಬೆಲೆ ಎಂದರೆ ಅಂಗಡಿಯಲ್ಲಿ ಕೊಟ್ಟ ಹಣ ಮಾತ್ರವೇ ಆಗಿರುವುದಿಲ್ಲ. ಸ್ಕೋಪ್, ಅದನ್ನು ಹಿಡಿದಿಡುವ ಬೇಸ್ ಮತ್ತು ರಿಂಗ್‌ಗಳು, ಗನ್‌ಸ್ಮಿತ್‌ನ (ಬಂದೂಕು ಕೆಲಸಗಾರನ) ಕೂಲಿ ಮತ್ತು ಮೊದಲ ಸಾವಿರ ತೋಟಾಗಳು ಸೇರಿದರೆ ಬರುವ ಮೊತ್ತವೇ ಅದರ ನಿಜವಾದ ಬೆಲೆ. ನಾನು ಹೇಳುವ ಹಂಚಿಕೆ ಸರಳವಾದದ್ದು: ಒಟ್ಟು ಹಣದಲ್ಲಿ ಅರ್ಧ ರೈಫಲ್‌ಗೆ, ಕಾಲು ಭಾಗ ಸ್ಕೋಪ್ ಮತ್ತು ಅದರ ಹಿಡಿಕೆಗಳಿಗೆ, ಉಳಿದ ಕಾಲು ತೋಟಾಗಳಿಗೆ. ತೋಟಾಗಳ ಪಾಲನ್ನು ತಿಂದು ರೈಫಲ್ ದೊಡ್ಡದು ಮಾಡಿದವರು ಕೊನೆಗೆ ಹೊಡೆಯಲು ಕಲಿಯುವುದೇ ಇಲ್ಲ.

ಉಳಿದವು ಎರಡು: ಕೆಲಸದಲ್ಲಿ ಎಷ್ಟನ್ನು ನೀವೇ ಮಾಡಬಲ್ಲಿರಿ, ಎಷ್ಟಕ್ಕೆ ಗನ್‌ಸ್ಮಿತ್‌ನ ಬಾಗಿಲಲ್ಲಿ ಕಾಯಬೇಕು, ಮತ್ತು ಮುಂದೆ ಮಾರುವ ಪ್ರಸಂಗ ಬಂದರೆ ಹಾಕಿದ ಹಣದಲ್ಲಿ ಎಷ್ಟು ಮರಳುತ್ತದೆ. ಒಬ್ಬರ ಮೈ ಅಳತೆಗೆ ಕಟ್ಟಿಸಿದ ರೈಫಲ್‌ಗೆ ಇನ್ನೊಬ್ಬರು ಅದೇ ಬೆಲೆ ಕೊಡುವುದಿಲ್ಲ. ಆದ್ದರಿಂದ ಬಿಚ್ಚಿದ ಮೂಲ ಭಾಗಗಳನ್ನು, ಮಾರುವಾಗ ಮತ್ತೆ ಹಾಕಲು, ಎಣ್ಣೆ ಹಚ್ಚಿ ಎತ್ತಿಡಿ.

ಕಾರ್ಖಾನೆಯ ರೈಫಲನ್ನೇ ತಿದ್ದಿಕೊಳ್ಳುವುದು

ಟಿಕ್ಕಾ ಟಿ3ಎಕ್ಸ್, ಹೋವಾ 1500, ಸ್ಯಾವೇಜ್ 110, ರೂಗರ್ ಅಮೆರಿಕನ್ ಮೊದಲಾದ ರೈಫಲ್‌ಗಳ ನಳಿಗೆಗಳು ಮೂವತ್ತು ವರ್ಷಗಳ ಹಿಂದೆ ಗನ್‌ಸ್ಮಿತ್‌ನಿಂದ ಕಟ್ಟಿಸಿದ ರೈಫಲ್‌ಗಳಿಗೆ ಸಾಟಿಯಾಗುವಂತೆ ಹೊಡೆಯುವುದನ್ನು ಕಂಡಿದ್ದೇನೆ. ಇವುಗಳಲ್ಲಿ ಕೊರತೆ ಇರುವುದು ಬಹುಪಾಲು ಸ್ಟಾಕ್‌ನಲ್ಲಿ. ಬೆಲೆ ಇಳಿಸಲು ಹಾಕಿದ ತೆಳು ಪ್ಲಾಸ್ಟಿಕ್ ಸ್ಟಾಕ್‌ನ ಮುಂಭಾಗವನ್ನು ಬೈಪಾಡ್‌ನ ಮೇಲೆ ಊರಿ ಸ್ವಲ್ಪ ಭಾರ ಬಿಟ್ಟರೆ ಸಾಕು, ಅದು ಬಾಗಿ ನಳಿಗೆಗೆ ತಾಗುತ್ತದೆ. ತಾಗಿದ ನಳಿಗೆ ಗುಂಡು ಹೊರಡುವಾಗ ಪ್ರತಿ ಸಲ ಒಂದೇ ರೀತಿ ಕಂಪಿಸಲಾರದು.

ಇದನ್ನು ನೋಡಿಕೊಳ್ಳುವ ಬಗೆ ಹೀಗೆ. ರೈಫಲ್ ಖಾಲಿಯಿದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಬೋಲ್ಟ್ (ತೋಟಾವನ್ನು ಒಳದೂಡಿ ಹಿಂದಿನಿಂದ ಮುಚ್ಚುವ ಸರಳು) ತೆಗೆದಿಟ್ಟು, ಒಂದು ಹಾಳೆಯನ್ನು ಎರಡು ಮಡಿಕೆ ಮಾಡಿ ನಳಿಗೆಯ ತುದಿಯ ಕಡೆಯಿಂದ ನಳಿಗೆಗೂ ಸ್ಟಾಕ್‌ಗೂ ನಡುವೆ ತೂರಿಸಿ, ಆಕ್ಷನ್‌ನ ಕಡೆಗೆ ಎಳೆದುಕೊಂಡು ಹೋಗಿ. ಕಾಗದ ಎಲ್ಲೂ ತಡೆಯದೆ ಬಂದರೆ ಸರಿ. ನನ್ನ ಒಂದು ರೈಫಲ್‌ನಲ್ಲಿ ಅದು ಮುಂದುಗಡೆಯಿಂದ ಒಂದು ಗೇಣು ಬಂದು ಬಲಬದಿಯಲ್ಲಿ ನಿಂತುಬಿಟ್ಟಿತು. ಸ್ಟಾಕ್ ಬಿಚ್ಚಿ ನೋಡಿದರೆ ಅದೇ ಜಾಗದಲ್ಲಿ ಪ್ಲಾಸ್ಟಿಕ್ ಉಜ್ಜಿ ಹೊಳೆಯುತ್ತಿತ್ತು, ಉಗುರಿನಷ್ಟು ಅಗಲದ ಕಲೆ. ದುಂಡು ಕೋಲಿಗೆ ಉಪ್ಪುಕಾಗದ ಸುತ್ತಿ ಅರ್ಧ ಗಂಟೆ ತಿಕ್ಕಿದ ಮೇಲೆ ಕಾಗದ ಸರಾಗವಾಗಿ ಓಡಿತು. ಐದು ಹೊಡೆತದ ಗುಂಪು (ಹಲಗೆಯಲ್ಲಿ ಗುಂಡುಗಳು ಹರಡುವ ಅಗಲ) ಎರಡು ಮಿನಿಟ್‌ನಿಂದ ಒಂದೂಕಾಲಕ್ಕೆ ಇಳಿಯಿತು. ಖರ್ಚಾದದ್ದು ಒಂದು ಹಾಳೆ ಉಪ್ಪುಕಾಗದ.

ಇದರ ನಂತರದ ಮೆಟ್ಟಿಲು ಬೆಡ್ಡಿಂಗ್, ಅಂದರೆ ಆಕ್ಷನ್ ಕೂರುವ ಜಾಗಕ್ಕೆ ಎಪಾಕ್ಸಿ ಹಾಕಿ, ಅದರ ಅಚ್ಚಿನಲ್ಲೇ ಆಕ್ಷನ್ ಅಲುಗದಂತೆ ಕೂರಿಸುವುದು. ತಾಳ್ಮೆಯುಳ್ಳವರು ಇದನ್ನು ಮನೆಯಲ್ಲಿ ಕಲಿಯಬಹುದು. ಆದರೆ ಅಂಟು ಹಿಡಿಯದಂತೆ ಲೋಹಕ್ಕೆ ಹಚ್ಚಬೇಕಾದ ಮೇಣವನ್ನು ಒಂದು ಮೂಲೆಯಲ್ಲಿ ಮರೆತರೂ ಆಕ್ಷನ್ ಸ್ಟಾಕ್‌ನಲ್ಲೇ ಸೇರಿಹೋಗುತ್ತದೆ. ಟ್ರಿಗರ್‌ನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾದದ್ದು: ಬೇಟೆಗೆ ಒಂದರಿಂದ ಒಂದೂವರೆ ಕಿಲೋ ಎಳೆತ ಇರಲಿ, ಚಳಿಗೆ ಮರಗಟ್ಟಿದ ಬೆರಳಿಗೆ ಅದಕ್ಕಿಂತ ಹಗುರ ಅಪಾಯ. ತಯಾರಕರೇ ಕೊಟ್ಟ ಹೊಂದಿಕೆಯ ತಿರುಪಿನ ಮಿತಿಯೊಳಗೆ ಮಾತ್ರ ತಿದ್ದಿ. ಒಳಗಿನ ಉಕ್ಕನ್ನು ಅರದಿಂದ ಉಜ್ಜುವುದಕ್ಕೆ ಹೋಗಬೇಡಿ.

ಈ ದಾರಿಯ ಮಿತಿ ನಳಿಗೆಯಲ್ಲಿದೆ. ಕಾರ್ಖಾನೆ ಯಾವ ದಪ್ಪ, ಯಾವ ಛೇಂಬರ್ (ತೋಟಾ ಕೂರುವ ಕುಳಿ), ಯಾವ ಸುರುಳಿ (ಗುಂಡನ್ನು ತಿರುಗಿಸುವ ಒಳಗಿನ ಗೀರು) ಕೊಟ್ಟಿದೆಯೋ ಅದೇ ನಿಮ್ಮದು. ಬೇಟೆಗೆ ಅದು ಸಾಮಾನ್ಯವಾಗಿ ಸಾಕಾಗುತ್ತದೆ. ಬೇಟೆಗಾರರಿಗಷ್ಟೇ ಈ ಮಾರ್ಗದರ್ಶಿ ಬರೆಯುವುದಾದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಹಳೆಯ ಆಕ್ಷನ್, ಹೊಸ ನಳಿಗೆ

ಸವೆದ ನಳಿಗೆಯ ಹಳೆಯ ರೈಫಲ್ ಅಗ್ಗವಾಗಿ ಸಿಗುತ್ತದೆ, ಆಕ್ಷನ್‌ಗೆ ಸವೆತ ಕಡಿಮೆ, ನಳಿಗೆ ಮಾತ್ರ ಬದಲಿಸಿದರಾಯಿತು ಎಂಬ ತರ್ಕ ಆಕರ್ಷಕವಾದದ್ದು, ಮತ್ತು ಅರ್ಧದಷ್ಟು ನಿಜ. ಇದಕ್ಕೆ ಹೆಚ್ಚಾಗಿ ಆರಿಸುವುದು 1962ರಲ್ಲಿ ಬಂದ ರೆಮಿಂಗ್ಟನ್ 700 ಅನ್ನು. ಅದರ ರಿಸೀವರ್ (ಆಕ್ಷನ್‌ನ ಹೊರಕವಚ) ದುಂಡು ಕೊಳವೆಯಂತಿರುವುದರಿಂದ ಲೇತ್‌ನಲ್ಲಿ ಹಿಡಿದು ಕೆಲಸ ಮಾಡುವುದು ಸುಲಭ, ಮತ್ತು ಅದಕ್ಕೆ ಒಗ್ಗುವ ಸ್ಟಾಕ್, ಟ್ರಿಗರ್, ಬೇಸ್‌ಗಳು ದೊರೆಯುವಷ್ಟು ಬೇರೆ ಯಾವುದಕ್ಕೂ ದೊರೆಯುವುದಿಲ್ಲ. ಆದರೆ ಹಳೆಯ ಆಕ್ಷನ್‌ನ ಮುಖ ನೇರವಿಲ್ಲದಿದ್ದರೆ, ಬೋಲ್ಟ್‌ನ ಎರಡು ಕಿವಿಗಳಲ್ಲಿ (ಅದನ್ನು ಬೀಗದಂತೆ ಹಿಡಿಯುವ ಚಾಚುಗಳಲ್ಲಿ) ಒಂದು ಮಾತ್ರ ತಾಗುತ್ತಿದ್ದರೆ, ಅವನ್ನೆಲ್ಲ ಲೇತ್‌ನಲ್ಲಿ ಸರಿಪಡಿಸಬೇಕು. ನಳಿಗೆಯ ಬೆಲೆ, ಅದಕ್ಕೆ ಛೇಂಬರ್ ಕೊರೆದು ಎಳೆ ಹಾಕುವ ಕೂಲಿ, ಆಕ್ಷನ್ ನೇರ ಮಾಡುವ ಕೂಲಿ, ಬಣ್ಣ, ಇಷ್ಟು ಸೇರಿದಾಗ ಹೊಸ ಕಾರ್ಖಾನೆ ರೈಫಲ್‌ನ ಬೆಲೆ ದಾಟುವುದು ಅಪರೂಪವಲ್ಲ.

1898ರ ಮೌಸರ್ ಆಕ್ಷನ್ ಮೇಲೆ ಬೇಟೆ ರೈಫಲ್ ಕಟ್ಟಿಸುವ ಆಸೆ ಇರುವವರಿಗೆ ಇದೇ ಮಾತನ್ನು ಇನ್ನೂ ಒತ್ತಿ ಹೇಳಬೇಕು. ತೋಟಾ ಮ್ಯಾಗಝೀನ್‌ನಿಂದ ಮೇಲೇಳುತ್ತಲೇ ಅದರ ಅಂಚನ್ನು ಹಿಡಿದುಕೊಳ್ಳುವ ಆ ಉದ್ದನೆಯ ಎಕ್ಸ್‌ಟ್ರಾಕ್ಟರ್ ಇಂದಿಗೂ ಬೇಟೆಗಾರರ ನಂಬಿಕೆ ಉಳಿಸಿಕೊಂಡಿದೆ. ಆದರೆ ಸೈನ್ಯದ ಹಳೆಯ ರೈಫಲ್‌ಗೆ ಸ್ಕೋಪ್ ಕೂರಿಸಲು ರಂಧ್ರ ಕೊರೆಯಬೇಕು, ಬೋಲ್ಟ್‌ನ ಹಿಡಿಯನ್ನು ಬಗ್ಗಿಸಬೇಕು, ಸೇಫ್ಟಿ ಬದಲಿಸಬೇಕು, ಟ್ರಿಗರ್ ಬದಲಿಸಬೇಕು. ಇದು ಪ್ರೀತಿಯ ಕೆಲಸ, ಉಳಿತಾಯದ ಕೆಲಸವಲ್ಲ. ಅಜ್ಜನಿಂದ ಬಂದ ಆಕ್ಷನ್ ಮನೆಯಲ್ಲೇ ಇದ್ದರೆ ಆ ಮಾತು ಬೇರೆ.

ಹಳೆಯ ಆಕ್ಷನ್ ಕೊಳ್ಳುವ ಮೊದಲು ಬೋಲ್ಟ್‌ನ ಮುಖದ ಅಳತೆ ನೋಡಿ, ತೋಟಾದ ಬುಡ ಅದರಲ್ಲಿ ಕೂರಬೇಕು. .223 ರೆಮಿಂಗ್ಟನ್ ಎಂಬ ತೋಟಾದ ಬುಡ ಸುಮಾರು 9.6 ಮಿಲಿಮೀಟರ್; .243, 6.5 ಕ್ರೀಡ್‌ಮೂರ್, .308, .30-06 ಇವೆಲ್ಲವುಗಳ ಬುಡ ಸುಮಾರು 12. ಬೆಲ್ಟ್ ಇರುವ ಮ್ಯಾಗ್ನಂ ತೋಟಾಗಳದ್ದು 13.5. ಒಂದೇ ಬುಡದ ಗುಂಪಿನೊಳಗೆ ನಳಿಗೆ ಬದಲಿಸಿದರೆ ತೋಟಾ ಬದಲಾಯಿಸಬಹುದು. ಗುಂಪು ದಾಟಿದರೆ ಬೋಲ್ಟ್ ಕೂಡ ಬದಲಾಗಬೇಕು. ಉದ್ದವನ್ನೂ ನೋಡಬೇಕು: .308ರ ತೋಟಾ ಸುಮಾರು 71 ಮಿಲಿಮೀಟರ್, .30-06ರದ್ದು 85, ಗಿಡ್ಡ ಆಕ್ಷನ್‌ನಲ್ಲಿ ಎರಡನೆಯದು ಹಿಡಿಯುವುದಿಲ್ಲ.

ನಟ್‌ನಿಂದ ಬಿಗಿಯುವ ನಳಿಗೆ

ಮಿತ ಹಣದಲ್ಲಿ ಗುರಿ ರೈಫಲ್ ಕಟ್ಟುವವರಿಗೆ ನನ್ನ ಮೊದಲ ಸಲಹೆ ಈ ದಾರಿ. ಸ್ಯಾವೇಜ್ 110 ಮಾದರಿ 1958ರಲ್ಲಿ ಬಂದಾಗ ತಯಾರಿಕೆಯ ಖರ್ಚು ತಗ್ಗಿಸಲು ನಳಿಗೆಯನ್ನು ಒಂದು ದೊಡ್ಡ ನಟ್‌ನಿಂದ ಬಿಗಿಯುವ ಕ್ರಮ ಇಟ್ಟುಕೊಂಡಿತು. ಸಾಮಾನ್ಯ ನಳಿಗೆಯಲ್ಲಿ ಭುಜದ (ಆಕ್ಷನ್‌ಗೆ ಊರಿ ನಿಲ್ಲುವ ಅಂಚಿನ) ಅಳತೆಯನ್ನು ಆಯಾ ಆಕ್ಷನ್‌ಗೆ ಹೊಂದಿಸಿ ಲೇತ್‌ನಲ್ಲಿ ಕಡೆಯಬೇಕು. ಇಲ್ಲಿ ಭುಜವೇ ಇಲ್ಲ, ನಳಿಗೆ ಎಷ್ಟು ಒಳಗೆ ಹೋಗಬೇಕೆಂಬುದನ್ನು ನಟ್ ತೀರ್ಮಾನಿಸುತ್ತದೆ. ಆದ್ದರಿಂದ ಛೇಂಬರ್ ಕೊರೆದು ಸಿದ್ಧವಾದ ನಳಿಗೆ ತರಿಸಿಕೊಂಡರೆ ಲೇತ್‌ನ ಕೂಲಿ ಉಳಿಯುತ್ತದೆ. ಬೋಲ್ಟ್‌ನ ತಲೆ ಬಿಡಿಯಾಗಿರುವುದರಿಂದ ಅದನ್ನು ಬದಲಿಸಿ ಬೇರೆ ಬುಡದ ತೋಟಾಗೂ ಹೋಗಬಹುದು.

ಉಳಿತಾಯದ ಜೊತೆಗೆ ಜವಾಬ್ದಾರಿಯೂ ಬರುತ್ತದೆ, ಅದರ ಹೆಸರು ಹೆಡ್‌ಸ್ಪೇಸ್. ಬೋಲ್ಟ್ ಮುಚ್ಚಿದಾಗ ತೋಟಾಗೆ ಉಳಿಯುವ ಜಾಗ ಇಂಚಿನ ಸಾವಿರದ ಕೆಲವು ಪಾಲಿನೊಳಗೆ ಇರಬೇಕು. ಹೆಚ್ಚಾದರೆ ಹಿತ್ತಾಳೆಯ ಕೋಶ ಹಿಗ್ಗಿ ಸೀಳಬಹುದು, ಸೀಳಿದ ಕೋಶದಿಂದ ನುಗ್ಗುವ ಬಿಸಿ ಅನಿಲ ಹೊಡೆಯುವವನ ಮುಖದ ಕಡೆಗೇ ಬರುತ್ತದೆ. ಇದನ್ನು ನೋಡಲು ಗೋ ಮತ್ತು ನೋ-ಗೋ ಎಂಬ ಎರಡು ಉಕ್ಕಿನ ಗೇಜ್‌ಗಳಿವೆ: ಮೊದಲನೆಯದರ ಮೇಲೆ ಬೋಲ್ಟ್ ಎರಡೇ ಬೆರಳಿನ ಒತ್ತಿಗೆ ಮೃದುವಾಗಿ ಮುಚ್ಚಬೇಕು, ಎರಡನೆಯದರ ಮೇಲೆ ಮುಚ್ಚಬಾರದು. ಜೋಡಣೆಯನ್ನು ನೀವೇ ಮಾಡಿದರೂ ಈ ಪರೀಕ್ಷೆಯನ್ನು ಗನ್‌ಸ್ಮಿತ್‌ನ ಕೈಯಿಂದ ಇನ್ನೊಮ್ಮೆ ಮಾಡಿಸಿ, ಆಮೇಲೆಯೇ ಮೊದಲ ತೋಟಾ ಹಾಕಿ. ಅದಕ್ಕೆ ಕೊಡುವ ಕೂಲಿಯನ್ನು ಉಳಿಸುವ ಯೋಚನೆಯೇ ಬೇಡ.

ಈ ದಾರಿಯ ದೊಡ್ಡ ಅನುಕೂಲ ನಳಿಗೆ ಸವೆದ ದಿನ ಗೊತ್ತಾಗುತ್ತದೆ. ಗುರಿಗಾರನಿಗೆ ನಳಿಗೆ ಕಾರಿನ ಟೈರಿನಂತೆ ಸವೆಯುವ ವಸ್ತು. ಬದಲಿಸುವುದು ಸುಲಭವಾಗಿದ್ದಷ್ಟೂ ಮುಂದಿನ ಹತ್ತು ವರ್ಷದ ಖರ್ಚು ಕಡಿಮೆ. ಕೊರತೆಯೂ ಇದೆ: ನಟ್ ಕುಳಿತ ಜಾಗ ದಪ್ಪವಾಗಿರುವುದರಿಂದ ಕೆಲವು ಸ್ಟಾಕ್‌ಗಳನ್ನು ತುಸು ಕೊರೆಯಬೇಕಾಗುತ್ತದೆ, ಮತ್ತು ಈ ಆಕ್ಷನ್‌ನ ಬೋಲ್ಟ್ ಟಿಕ್ಕಾದಷ್ಟು ನಯವಾಗಿ ಓಡುವುದಿಲ್ಲ.

ನಳಿಗೆ ಸಹಿತ ಆಕ್ಷನ್, ಮತ್ತು ಬಿಡಿ ಆಕ್ಷನ್

ಹೋವಾ 1500 ಮುಂತಾದವು ಸ್ಟಾಕ್ ಇಲ್ಲದೆ, ನಳಿಗೆ ಕೂರಿಸಿದ ಆಕ್ಷನ್ ಆಗಿಯೇ ದೊರೆಯುತ್ತವೆ. ಬೇಡದ ಸ್ಟಾಕ್‌ಗೆ ಹಣ ತೆರದೆ ಅದನ್ನು ನೇರವಾಗಿ ಒಳ್ಳೆಯ ಸ್ಟಾಕ್‌ಗೋ ಅಲ್ಯೂಮಿನಿಯಂ ಛಾಸಿಗೋ (ಸ್ಟಾಕ್‌ನ ಬದಲಿಗೆ ಬಳಸುವ ಲೋಹದ ಚೌಕಟ್ಟಿಗೋ) ಹಾಕಬಹುದು. ಎಡಗೈಯವರಿಗೆ, ಎತ್ತರದವರಿಗೆ, ಕೆನ್ನೆ ಊರುವ ಜಾಗದ ಎತ್ತರ ಹೊಂದಿಸಿಕೊಳ್ಳಬೇಕಾದವರಿಗೆ ಇದು ಲಾಭದ ದಾರಿ. ಒಂದು ಎಚ್ಚರ: ಛಾಸಿಗಳು ಭಾರ, ಚಳಿಯಲ್ಲಿ ಕೈಗೆ ಕೊರೆಯುತ್ತವೆ, ಹೊರುವವನಿಗೆ ಬೇಡ.

ಅತಿ ನಿಖರವಾಗಿ ಕಡೆದ ಬಿಡಿ ಆಕ್ಷನ್ ಕೊಂಡು, ಅದರ ಅಳತೆಗೇ ಭುಜ ಕಡೆದ ನಳಿಗೆ ತರಿಸಿ ತಿರುಗಿಸುವುದು ಮೇಲಿನ ದರ್ಜೆಯ ದಾರಿ. ಇದರಲ್ಲಿ ಆಕ್ಷನ್ ಒಂದರ ಬೆಲೆಗೇ ಇಡೀ ಕಾರ್ಖಾನೆ ರೈಫಲ್ ಬರುತ್ತದೆ. ವರ್ಷಕ್ಕೆ ಸಾವಿರಾರು ಗುಂಡು ಹಾರಿಸಿ ಎರಡು ಮೂರು ನಳಿಗೆ ಸವೆಸುವವರಿಗೆ ಮಾತ್ರ ಲೆಕ್ಕ ಕೂಡುತ್ತದೆ.

ತೋಟಾದ ಆಯ್ಕೆಯಲ್ಲಿ ಅಡಗಿದ ಖರ್ಚು

ಯಾವ ದಾರಿ ಹಿಡಿದರೂ ತೋಟಾದ ಆಯ್ಕೆ ನಿಮ್ಮ ಹಣದ ಹರಿವನ್ನು ನಿರ್ಧರಿಸುತ್ತದೆ. 1952ರಿಂದ ಬಳಕೆಯಲ್ಲಿರುವ .308 ವಿಂಚೆಸ್ಟರ್‌ನ ನಳಿಗೆ ಗುರಿಗಾರರ ಕೈಯಲ್ಲಿ ಸುಮಾರು ನಾಲ್ಕೈದು ಸಾವಿರ ಹೊಡೆತ ತಾಳುತ್ತದೆ. 2007ರಲ್ಲಿ ರೂಪುಗೊಂಡ 6.5 ಕ್ರೀಡ್‌ಮೂರ್ ಗಾಳಿಯಲ್ಲಿ ಕಡಿಮೆ ತೇಲುತ್ತದೆ, ಕಡಿಮೆ ಒದೆಯುತ್ತದೆ, ಆದರೆ ಅದರ ನಳಿಗೆಯ ಆಯುಸ್ಸು ಎರಡು ಮೂರು ಸಾವಿರದ ಆಸುಪಾಸು. .243 ಅದಕ್ಕಿಂತಲೂ ಬೇಗ ಸವೆಯುತ್ತದೆ. ಬೇಟೆಗಾರ ವರ್ಷಕ್ಕೆ ನಲವತ್ತು ಐವತ್ತು ತೋಟಾ ಬಳಸುವುದರಿಂದ ಈ ಸವೆತ ಅವನಿಗೆ ಜೀವಮಾನದಲ್ಲಿ ಕಾಣಿಸುವುದಿಲ್ಲ. ಗುರಿಗಾರನಿಗೆ ಎರಡೇ ವರ್ಷದಲ್ಲಿ ಕಾಣಿಸುತ್ತದೆ.

ನಳಿಗೆ ತರಿಸುವಾಗ ಒಳಗಿನ ಸುರುಳಿಯ ಬಿಗಿತವನ್ನು ಗುಂಡಿನ ತೂಕಕ್ಕೆ ಹೊಂದಿಸಿ. .223ಯಲ್ಲಿ 12 ಇಂಚಿಗೊಂದು ಸುತ್ತು ಇರುವ ನಳಿಗೆ 55 ಗ್ರೇನ್‌ನ ಹಗುರ ಗುಂಡಿಗೆ ಸರಿ. 75, 77 ಗ್ರೇನ್‌ನ ಉದ್ದ ಗುಂಡುಗಳು ಅದರಿಂದ ಹೊರಟರೆ ಅಡ್ಡಡ್ಡ ತಿರುಗಿ ಹಲಗೆಗೆ ಬಡಿಯುತ್ತವೆ. ಅವಕ್ಕೆ 8 ಇಂಚಿಗೊಂದು ಸುತ್ತು ಬೇಕು.

ಹಣ ತೀರಾ ಕಡಿಮೆ ಇದ್ದು ಗುರಿಯೇ ಮುಖ್ಯವಾಗಿದ್ದರೆ, ದೊಡ್ಡ ತೋಟಾ ಬಿಟ್ಟು .22 ರಿಮ್‌ಫೈರ್ ಎಂಬ ಸಣ್ಣ ತೋಟಾಕ್ಕೆ ಕಟ್ಟಿ. ಒಂದು ದೊಡ್ಡ ತೋಟಾದ ಬೆಲೆಗೆ ಹಲವು .22 ತೋಟಾಗಳು ಬರುತ್ತವೆ, ನಳಿಗೆ ದಶಕಗಳ ಕಾಲ ಬಾಳುತ್ತದೆ, 50 ಮೀಟರ್‌ನಲ್ಲೇ ಗಾಳಿ ಓದುವುದನ್ನು ಅದು ಕಲಿಸುತ್ತದೆ. ಅದಕ್ಕೆ ಒಂದೇ ಒಂದು ಹಠವಿದೆ: ಪ್ರತಿ ನಳಿಗೆಯೂ ಯಾವುದೋ ಒಂದು ತೋಟಾವನ್ನು ಮಾತ್ರ ಇಷ್ಟಪಡುತ್ತದೆ. ಐದಾರು ಬಗೆಯ ಪೆಟ್ಟಿಗೆ ತಂದು ಹೊಡೆದು ನೋಡಿ, ಒಗ್ಗಿದ್ದನ್ನು ಅದೇ ಲಾಟ್‌ನಲ್ಲಿ (ಒಂದೇ ಸಲಕ್ಕೆ ತಯಾರಾದ ಕಂತಿನಲ್ಲಿ) ಹೆಚ್ಚು ಕೊಂಡಿಟ್ಟುಕೊಳ್ಳಬೇಕು.

ಯಾರಿಗೆ ಯಾವುದು

ಹೊತ್ತು ತಿರುಗುವ ಬೇಟೆಗಾರನಿಗೆ ಕಾರ್ಖಾನೆಯ ರೈಫಲ್, ತಿದ್ದಿದ ಸ್ಟಾಕ್, ನಂಬಬಹುದಾದ ಸ್ಕೋಪ್. ಉಳಿದ ಹಣ ತೋಟಾಕ್ಕೆ. ಈಗತಾನೇ ದೂರದ ಗುರಿಗೆ ಇಳಿದವರಿಗೆ ನಟ್‌ನ ನಳಿಗೆಯ ರೈಫಲ್: ಮೊದಲ ನಳಿಗೆ ಕಾರ್ಖಾನೆಯದೇ ಇರಲಿ, ಅದು ಸವೆಯುವಷ್ಟರಲ್ಲಿ ನಿಮಗೇನು ಬೇಕೆಂಬುದು ನಿಮಗೇ ಗೊತ್ತಾಗಿರುತ್ತದೆ. ಮೈಕಟ್ಟಿನ ಕಾರಣಕ್ಕೆ ಯಾವ ರೈಫಲ್ಲೂ ಹೊಂದದವರಿಗೆ ನಳಿಗೆ ಸಹಿತ ಆಕ್ಷನ್. ಹಳೆಯ ಆಕ್ಷನ್ ಈಗಾಗಲೇ ಕೈಯಲ್ಲಿದ್ದು, ಪರಿಚಯದ ಒಳ್ಳೆಯ ಗನ್‌ಸ್ಮಿತ್ ಇದ್ದವರಿಗೆ ಮಾತ್ರ ಎರಡನೆಯ ದಾರಿ.

ಈಗ ಇರುವ ರೈಫಲ್ ಸರಿಯಿಲ್ಲ, ಅದಕ್ಕೇ ಹೊಸದು ಬೇಕು ಎನ್ನುವವರು ಹಣ ಎಣಿಸುವ ಮೊದಲು ಒಂದು ವಾರ ತಡೆಯಬೇಕು. ನಾನು ಒಮ್ಮೆ ಚದುರಿದ ಗುಂಪುಗಳಿಗೆ ಟ್ರಿಗರ್ ಕಾರಣವೆಂದು ಟ್ರಿಗರ್ ಬದಲಿಸಿದೆ, ಆಮೇಲೆ ಸ್ಟಾಕ್ ಕಾರಣವೆಂದು ಸ್ಟಾಕ್ ಬದಲಿಸಿದೆ. ಕೊನೆಗೆ ಸ್ಕೋಪ್ ಬಿಚ್ಚಿದಾಗ ಅದರ ಬೇಸ್‌ನ ಹಿಂದಿನ ತಿರುಪು ಬೆರಳಿಗೇ ತಿರುಗಿತು. ಆ ಎರಡು ಖರೀದಿಯ ಹಣದಲ್ಲಿ ಒಂದು ಒಳ್ಳೆಯ ನಳಿಗೆ ಬರುತ್ತಿತ್ತು. ಆದ್ದರಿಂದ ಬೇಸ್, ರಿಂಗ್, ಆಕ್ಷನ್‌ನ ತಿರುಪುಗಳನ್ನು ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಮೂರು ಹೊಡೆತದ ಗುಂಪನ್ನು ನಂಬಬೇಡಿ, ಅದೃಷ್ಟ ಚೆನ್ನಾಗಿದ್ದರೆ ಯಾವ ರೈಫಲ್ಲೂ ಮೂರನ್ನು ಒಟ್ಟಿಗೆ ಕೂರಿಸುತ್ತದೆ. ಗುರಿಗಾರರು ಹತ್ತು ಹೊಡೆತದ ಗುಂಪು ಹೊಡೆಯಿರಿ. ಬೇಟೆಗಾರರು ಐದು ಬೇರೆ ಬೇರೆ ದಿನ, ತಣ್ಣಗಿನ ನಳಿಗೆಯಿಂದ, ಒಂದೇ ಹಾಳೆಯ ಮೇಲೆ ದಿನಕ್ಕೊಂದರಂತೆ ಐದು ಗುಂಡು ಹಾರಿಸಿ. ಆ ಐದು ತೂತುಗಳೂ ನಿಮ್ಮ ಅಂಗೈ ಅಗಲದೊಳಗೆ ಕೂತರೆ ರೈಫಲ್ ಹಾಗೇ ಇರಲಿ. ಕೂರದಿದ್ದರೆ, ಕಾಗದ ತೂರಿಸಿ ನೋಡಿ, ಬೇರೆ ತೋಟಾ ಹಾಕಿ ನೋಡಿ, ಇನ್ನೊಬ್ಬ ಪಳಗಿದವರ ಕೈಗೆ ಕೊಟ್ಟು ಹೊಡೆಸಿ ನೋಡಿ. ಅವರ ಕೈಯಲ್ಲೂ ಚದುರಿದರೆ ಹೊಸ ನಳಿಗೆಗೆ ಆರ್ಡರ್ ಕೊಡಬಹುದು.